ಕೊಳವೆ ಹೂ

ಗಿಡಗಳ ಸುತ್ತ ಬಲೆ ಕಟ್ಟಿದ ಬಲೆಮನೆಯಲ್ಲಿ ಅಪ್ಪ ಒಂದು ಸಾಲು, ನಾನು ಪಕ್ಕದ ಸಾಲು ಹಿಡಿದು ನಡೆಯುತ್ತಿದ್ದೆವು. ಈ ಕೆಲಸಕ್ಕೆ ಮಾತು ಬೇಕಿಲ್ಲ. ಮೊದಲ ಹೂಗಳು ಅರಳುವ ವಾರದಲ್ಲಿ, ಬೆಳಕು ಹರಿದ ಕೂಡಲೇ, ಮನೆಯ ಉಳಿದವರು ಏಳುವುದರೊಳಗೆ ಇದು ಮುಗಿಯಬೇಕು. ಬೇರೆ ಥರದ ಗಿಡ ಕಂಡರೆ ಬುಡದಲ್ಲಿ ಎರಡು ಬೆರಳು ಇಳಿಸಿ, ಪಕ್ಕದ್ದರ ಬೇರು ಅಲುಗದ ಹಾಗೆ ಕಿತ್ತು, ಮಣ್ಣು ಕೊಡವಿ ಬುಟ್ಟಿಗೆ ಹಾಕುವುದು. ಕುಳಿಯನ್ನು ಹೆಬ್ಬೆರಳಿನಿಂದ ಒತ್ತಿ ಮುಚ್ಚುವುದು. ಬುಟ್ಟಿಗೆ ಗೋಣಿ ಹೊದಿಸುವುದು. ಅಷ್ಟೇ.

ಬೇರೆ ವರ್ಷಗಳಲ್ಲಿ ಬುಟ್ಟಿಯ ತಳವೂ ಮುಚ್ಚುತ್ತಿರಲಿಲ್ಲ. ಈ ಬೆಳಿಗ್ಗೆ ನಾನು ಸಾಲಿನ ಅರ್ಧಕ್ಕೆ ಬರುವಷ್ಟರಲ್ಲಿ ಬುಟ್ಟಿ ತುಂಬಿತ್ತು. ಕಿತ್ತ ಗಿಡಗಳನ್ನು ಅಂಗೈಯಿಂದ ಅದುಮಿ ಅದುಮಿ ಜಾಗ ಮಾಡಿದೆ. ಆಮೇಲೆ ಅದುಮಲೂ ಆಗಲಿಲ್ಲ. ಅಪ್ಪನ ಕಡೆ ನೋಡಿದರೆ ಅವನ ಬುಟ್ಟಿಯ ಗೋಣಿಯೂ ಉಬ್ಬಿ ನಿಂತಿತ್ತು. ಅವನು ಹಿಂದೆ ತಿರುಗಿ ತಾನು ಬಂದ ಸಾಲನ್ನೇ ನೋಡುತ್ತಿದ್ದ. ಹಲ್ಲು ಬಿದ್ದ ಬಾಯಿಯ ಹಾಗೆ ಅಲ್ಲಲ್ಲಿ ಖಾಲಿ ಕಾಣುತ್ತಿತ್ತು. ಮುಂದೆ ಇನ್ನೂ ಎಷ್ಟೋ ಸಾಲುಗಳಿದ್ದವು. ಅವುಗಳಲ್ಲೂ ಅದೇ ಬೇರೆ ಥರದ ಹೂ, ಮೂರು ಒಳ್ಳೆಯದಕ್ಕೆ ಒಂದರ ಲೆಕ್ಕದಲ್ಲಿ, ನಮ್ಮನ್ನೇ ನೋಡುತ್ತಾ ನಿಂತಿತ್ತು.

"ಸಾಕು ಬಿಡು," ಅಂದ ಅಪ್ಪ. "ಇಷ್ಟು ಕುಳಿ ಯಾರಿಂದ ಮುಚ್ಚಿಡೋಕಾಗುತ್ತೆ?"

ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತ. ಕೆಲಸದ ಹೊತ್ತಿನಲ್ಲಿ ಅಪ್ಪ ಕೂತದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ.

"ಅಜ್ಜಿಗೆ ಏನು ಹೇಳೋದು?"

"ನೋಡೋಣ," ಅಂದ. ಅಪ್ಪನ 'ನೋಡೋಣ' ಎಂದರೆ ನೋಡುವುದಿಲ್ಲ ಎಂದೇ ಅರ್ಥ.

ನಮ್ಮದು ಹೂವಿನ ಬೀಜದ ಕಸುಬು. ಹೂ ಮಾರುವವರಲ್ಲ ನಾವು. ಹೂವನ್ನು ಗಿಡದಲ್ಲೇ ಒಣಗಲು ಬಿಟ್ಟು, ಬೀಜ ತೆಗೆದು, ಒಂದು ಕಂಪನಿಗೆ ಕೊಡುತ್ತೇವೆ. ಅವರು ಅದನ್ನು ಬಣ್ಣದ ಪೊಟ್ಟಣಗಳಲ್ಲಿ ಹಾಕಿ ಮಾರುತ್ತಾರೆ. ನಾವು ಬೆಳೆಯುವುದು ಒಂದೇ ಜಾತಿ. ಪೊಟ್ಟಣದ ಮೇಲೆ ಸ್ನ್ಯಾಪ್‌ಡ್ರ್ಯಾಗನ್ ಎಂದಿರುತ್ತದೆ, ನಮ್ಮ ಮನೆಯಲ್ಲಿ ಬಾಯಿಹೂ ಅನ್ನುತ್ತೇವೆ. ಅದರ ಕೆನ್ನೆ ಒತ್ತಿದರೆ ಬಾಯಿ ತೆರೆಯುತ್ತದೆ. ಮೇಲೆ ಎರಡು ಎಸಳು ಟೋಪಿಯ ಹಾಗೆ ಎದ್ದಿರುತ್ತವೆ, ಕೆಳಗೆ ಮೂರು ಎಸಳು ತುಟಿಯ ಹಾಗೆ ಚಾಚಿರುತ್ತವೆ. ನಮ್ಮ ತಳಿಯ ಬಣ್ಣ ಬೇರೆ ಎಲ್ಲೂ ಇಲ್ಲ. ಹುಣಸೆಹಣ್ಣು ಹಾಕಿ ತಿಕ್ಕಿದ ತಾಮ್ರದ ಚೊಂಬಿನ ಬಣ್ಣ. ಅದನ್ನು ಹೊರಗೆ ತಂದವನು ತಾತ. ಅದಕ್ಕೇ ಮನೆಯಲ್ಲಿ ಅದು 'ತಾತನ ತಾಮ್ರ'. ತಾತ ಹೋಗಿ ಬಹಳ ವರ್ಷವಾಯಿತು. ಅಜ್ಜಿ ಮಾತ್ರ ಬಲೆಮನೆಯ ಬಾಗಿಲಲ್ಲಿ ನಿಂತು, ಗಂಡ ಒಳಗಿದ್ದಾನೆ ಎಂಬಂತೆ, ತಲೆಗೂದಲು ಸರಿಮಾಡಿಕೊಂಡೇ ಒಳಗೆ ಬರುತ್ತಾಳೆ.

ಅಜ್ಜಿಗೆ ಗೊತ್ತಿಲ್ಲದ್ದು ಒಂದಿತ್ತು. ಪ್ರತಿ ವರ್ಷ ಸಾಲುಗಳಲ್ಲಿ ಒಂದೋ ಎರಡೋ ಗಿಡ ಬಾಯಿಲ್ಲದ ಹೂ ಬಿಡುತ್ತಿದ್ದವು. ಟೋಪಿಯೂ ಇಲ್ಲ, ತುಟಿಯೂ ಇಲ್ಲ. ಐದು ಎಸಳೂ ಒಂದೇ ಥರ, ಸುತ್ತಲೂ ನಿಂತು ಒಂದು ಕೊಳವೆಯಾಗಿರುತ್ತಿದ್ದವು. ತಾತ ಅದನ್ನು ಕಿತ್ತು ಹೂಳುತ್ತಿದ್ದ, ಅಪ್ಪನಿಗೂ ಕಲಿಸಿದ್ದ. ಅಮ್ಮ ತೀರಿಕೊಂಡ ವರ್ಷ ನಾನು ಶಾಲೆ ಬಿಟ್ಟು ಬಲೆಮನೆಯ ಕೆಲಸಕ್ಕೆ ನಿಂತಾಗ ಅಪ್ಪ ನನಗೆ ಹೇಳಿಕೊಟ್ಟ ಮೊದಲ ಪಾಠವೂ ಅದೇ. "ಕೊಳವೆ ಕಂಡ್ರೆ ಕಿತ್ತುಬಿಡು. ಯಾರಿಗೂ ಹೇಳ್ಬೇಡ. ಅಜ್ಜಿಗಂತೂ ಬೇಡವೇ ಬೇಡ." ಶಾಲೆಯಲ್ಲಿ ಮೇಷ್ಟ್ರು ಎಬ್ಬಿಸಿ ನಿಲ್ಲಿಸಿದರೆ ಗೊತ್ತಿದ್ದ ಉತ್ತರವೂ ನನ್ನ ಬಾಯಿಂದ ಹೊರಡುತ್ತಿರಲಿಲ್ಲ. ಯಾರಿಗೂ ಹೇಳಬಾರದ ಕೆಲಸ ಸಿಕ್ಕಿದ್ದು ನನಗೆ ಸಮಾಧಾನವೇ ಆಗಿತ್ತು.

ಕಳೆದ ವರ್ಷದವರೆಗೆ ಹೀಗೇ ನಡೆದಿತ್ತು. ಆಮೇಲೆ ಅತ್ತಿಗೆ ಬಂದಳು.

ಅಣ್ಣನನ್ನು ಮದುವೆಯಾಗುವ ಮೊದಲು ಅವಳು ಒಂದು ಲ್ಯಾಬಿನಲ್ಲಿದ್ದಳು. ಗಿಡಗಳು ತಮ್ಮ ಆಕಾರವನ್ನು ಹೇಗೆ ಪಡೆಯುತ್ತವೆ ಎಂದು ನೋಡುವುದು ಅಲ್ಲಿಯ ಕೆಲಸವಂತೆ. ಮುಂದಿನ ಚಳಿಗಾಲಕ್ಕೆ ಮತ್ತೆ ಬಾ ಎಂದು ಅಲ್ಲಿಯ ಮೇಡಂ ಕರೆದಿದ್ದರು, ಅಣ್ಣನೂ ಒಪ್ಪಿದ್ದ. ನಮ್ಮಲ್ಲಿಗೆ ಬಂದ ಹೊಸತರಲ್ಲಿ ಒಂದು ದಿನ ಊಟದ ಹೊತ್ತಿಗೆ ಅವಳು ಅಂದಿದ್ದಳು: "ಮಾವ, ಬಣ್ಣ ಒಂದೊಂದು ಗಿಡಕ್ಕೆ ಒಂದೊಂದು ಛಾಯೆ ಇದೆ. ಎಲ್ಲ ಗಿಡದ ಬೀಜಾನೂ ಕಲಸೋ ಬದಲು ಒಂದೇ ಒಳ್ಳೇ ಗಿಡ ಆರಿಸಿ, ಅದರ ಬೀಜ ಮಾತ್ರ ಬಿತ್ತಿದ್ರೆ ಎಲ್ಲ ಒಂದೇ ಥರ ಬರುತ್ತೆ."

"ಒಂದೇ ಕಂಬದ ಮೇಲೆ ಮನೆ ಕಟ್ಟಿ ಅನ್ನು," ಅಂದಿದ್ದಳು ಅಜ್ಜಿ. ಅಪ್ಪನಿಗೆ ಮಾತ್ರ ಆ ಮಾತು ಹಿಡಿಸಿಬಿಟ್ಟಿತು. ಎಷ್ಟೋ ದಿನ ಸಾಲು ಸಾಲು ಸುತ್ತಿ ತಾನೇ ಗಿಡ ಆರಿಸಿ ಅದಕ್ಕೆ ನೂಲು ಕಟ್ಟಿದ. ಬೇರೆ ಹೂವಿನ ಪುಡಿ ಸೇರದ ಹಾಗೆ ಅದರ ಪುಡಿಯನ್ನೇ ಹಚ್ಚಿ ನಾನೇ ಒಂದೊಂದು ಹೂವಿಗೂ ಕುಂಚ ಆಡಿಸಿದ್ದೆ. ಈ ವರ್ಷ ಬಲೆಮನೆಯಲ್ಲಿ ಇದ್ದವೆಲ್ಲ ಆ ಒಂದು ಗಿಡದ ಮಕ್ಕಳು. ಅಣ್ಣ ಕಂಪನಿಗೆ ಹೋಗಿ, ಈ ಸಲ ನೋಡಿ ನಮ್ಮ ತಾಮ್ರ ಹೇಗಿರುತ್ತೆ ಎಂದು ಹೇಳಿ ಬಂದಿದ್ದ. ಕಂಪನಿಯಿಂದ ತಪಾಸಣೆಯವರು ನಾಳಿದ್ದು ಬರುವವರಿದ್ದರು.

ಅಜ್ಜಿಗೆ ಹೇಳುವ ಪ್ರಸಂಗವೇ ಬರಲಿಲ್ಲ. ಅವಳು ಬುಟ್ಟಿ ಹುಡುಕಿಕೊಂಡು ತಾನೇ ಬಂದಳು.

"ಏನಿದು, ಬೆಳಿಗ್ಗೆ ಬೆಳಿಗ್ಗೆ ಅಪ್ಪ ಮಗಳು ಹೆಣ ಕಾಯೋರ ಥರ ಕೂತಿದ್ದೀರಿ?" ಎನ್ನುತ್ತಾ ಗೋಣಿ ಎತ್ತಿದಳು. ಒಂದು ಗಿಡ ಹೊರಗೆಳೆದು ಕಣ್ಣಿನ ಹತ್ತಿರ ಹಿಡಿದಳು. ದೂರ ಹಿಡಿದಳು. "ಇದು ನಮ್ಮದಲ್ಲ."

ಅಪ್ಪ ನೆಲ ನೋಡಿದ. ಅಜ್ಜಿಯ ಕೂಗಿಗೆ ಅಣ್ಣ ಹಲ್ಲುಜ್ಜುತ್ತಲೇ ಬಂದ, ಅತ್ತಿಗೆ ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದಳು. ಬಂದವಳು ಬುಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದು ಹೂವನ್ನು ಅಂಗೈಯಲ್ಲಿ ತಿರುಗಿಸಿದಳು. ಅವಳ ಮುಖ ಬೆಳಗಿತು. ನಾನು ಅದನ್ನು ನೋಡಿದೆ, ತಡೆಯಬೇಕು ಅನ್ನಿಸಿತು, ಅಷ್ಟರಲ್ಲಿ ಮಾತು ಹೊರಬಿದ್ದಿತ್ತು.

"ಅಯ್ಯೋ, ಎಷ್ಟು ಚೆನ್ನಾಗಿದೆ!"

ಅಜ್ಜಿ ಅಣ್ಣನ ಕಡೆ ತಿರುಗಿದಳು. "ಕೇಳಿದ್ಯೇನೋ? ಮನೆಗೆ ಬೆಂಕಿ ಬಿದ್ದಿದ್ರೆ ನಿನ್ನ ಹೆಂಡತಿಗೆ ಬೆಳಕು ಚೆನ್ನಾಗಿ ಕಾಣ್ತಿದೆ."

"ಅಜ್ಜಿ, ನಾನು ಹಾಗಂದಿದ್ದಲ್ಲ. ಇದು ಅಪರೂಪ ಅಂತ—"

"ನೀನು ಬರೋ ಮುಂಚೆ ಅಪರೂಪ ಇರ್ಲಿಲ್ಲ ನಮ್ಮನೇಲಿ. ಸುಮ್ನೆ ಇದ್ದ ಹೂ ಇತ್ತು."

ಅಣ್ಣನ ಬಾಯಲ್ಲಿ ಇನ್ನೂ ನೊರೆ ಇತ್ತು. ಉಗುಳಲು ಎಲ್ಲಿಗೆ ಹೋಗಬೇಕು ಎಂದು ತಿಳಿಯದವನಂತೆ ನಿಂತಿದ್ದ.

ಮಧ್ಯಾಹ್ನ ಎಲ್ಲರೂ ಅವರವರ ಮೂಲೆ ಹಿಡಿದಾಗ ಅತ್ತಿಗೆ ನನ್ನನ್ನು ಕರೆದಳು. ಅಡುಗೆಮನೆಯ ಕಿಟಕಿಯ ಹೊರಗಟ್ಟೆಯ ಮೇಲೆ ನೀರಿನ ಲೋಟದಲ್ಲಿ ಎರಡು ದಂಟು ಇಟ್ಟಿದ್ದಳು. ಒಂದು ಬಾಯಿಹೂ, ಒಂದು ಅದು. "ಮಾತಾಡ್ಬೇಡ, ನೋಡು," ಅಂದಳು. ಮಾತಾಡಬೇಡ ಎಂದು ನನಗೆ ಹೇಳುವವರು ಅಪರೂಪ.

ಸ್ವಲ್ಪ ಹೊತ್ತಿಗೆ ಒಂದು ಕರೀ ದುಂಬಿ ಬಂತು. ಬಾಯಿಹೂವಿನ ಕೆಳತುಟಿಯ ಮೇಲೆ ಇಳಿದು, ಅದರ ಭಾರಕ್ಕೆ ಬಾಯಿ ತೆರೆದು, ತಲೆ ತೂರಿಸಿ, ಬೆನ್ನಿಗೆ ಹಳದಿ ಪುಡಿ ಬಳಿದುಕೊಂಡು ಹೊರಗೆ ಬಂತು. ಆಮೇಲೆ ಪಕ್ಕದ್ದಕ್ಕೆ ಹಾರಿತು. ಒಂದು ಸುತ್ತು ಸುತ್ತಿತು. ಇನ್ನೊಂದು ಸುತ್ತು. ಯಾವ ಕಡೆ ಇಳಿಯಬೇಕು ಎಂದೇ ಅದಕ್ಕೆ ತಿಳಿಯಲಿಲ್ಲ. ಬಾಗಿಲಿಲ್ಲದ ಮನೆಗೆ ನೆಂಟನಾಗಿ ಬಂದವನಂತೆ ಗೊಣಗುತ್ತಾ ಹೋಯಿತು.

"ಹೂ ಇನ್ನೂ ಸಾಸಿವೆಗಿಂತ ಸಣ್ಣ ಮೊಗ್ಗಾಗಿರೋವಾಗಲೇ, ಎಸಳುಗಳಿಗೆ ಯಾರು ಮೇಲೆ, ಯಾರು ಕೆಳಗೆ ಅಂತ ಗೊತ್ತಾಗಬೇಕು, ಪುಟ್ಟಿ. ಅದನ್ನ ಹೇಳೋ ಜೀನುಗಳಿವೆ. ಅವು ಮೊಗ್ಗಿನ ಮೇಲ್ಗಡೆ ಮಾತ್ರ ಎಚ್ಚರವಾಗಿರ್ತವೆ. ನೀನು ಮೇಲಿನೋನು, ಟೋಪಿ ಆಗು ಅಂತವೆ. ಆ ಮಾತು ಬರದೇ ಹೋದ್ರೆ?"

"ಯಾರೂ ಟೋಪಿ ಆಗಲ್ಲ," ಅಂದೆ.

"ಐದೂ ತಾವು ಕೆಳಗಿನೋರೇ ಅಂದ್ಕೊಳ್ತವೆ. ಎಲ್ಲಾ ತುಟಿ. ಟೋಪಿ ಯಾರೂ ಇಲ್ಲ."

"ನಮ್ಮನೇಲಿ ಉಲ್ಟಾ. ಎಲ್ಲಾ ಟೋಪಿಗಳೇ."

ಅವಳು ಬಾಯಿಗೆ ಅಂಗೈ ಒತ್ತಿಕೊಂಡು ನಕ್ಕಳು. ನನಗೂ ನಗು ಬಂತು. ಒಳಗೆ ಅಜ್ಜಿ ಕೆಮ್ಮಿದ್ದು ಕೇಳಿ ಇಬ್ಬರೂ ನಿಲ್ಲಿಸಿದೆವು.

ದನಿ ಇಳಿಸಿ ಅವಳು ಹೇಳುತ್ತಾ ಹೋದಳು. ಬಹಳ ಬಹಳ ಹಿಂದೆ ಹೂಗಳೆಲ್ಲ ಸುತ್ತ ಒಂದೇ ಥರ ಇದ್ದವಂತೆ. ದುಂಬಿ ಜೇನುಗಳು ಹೂವಿಗೆ ಬರತೊಡಗಿದ ಮೇಲೆ, ಕೂರಲು ಮೆಟ್ಟಿಲಿದ್ದ ಹೂವಿಗೆ ಹೆಚ್ಚು ಬೀಜ ನಿಂತಿತು. ಮೇಲು ಕೆಳಗು ಎಂಬ ಭೇದ ಹೀಗೆ ಬಂತು. ಅದೂ ಒಂದೇ ಕುಲದಲ್ಲಲ್ಲ. ಬಟಾಣಿಯ ಕುಲದಲ್ಲಿ ಬೇರೆ, ಬಾಯಿಹೂವಿನ ಕುಲದಲ್ಲಿ ಬೇರೆ, ಒಂದಕ್ಕೊಂದು ಗೊತ್ತಿಲ್ಲದ ಹಾಗೆ. ಆದರೂ ಅಷ್ಟೂ ಕಡೆ ಆ ಕೆಲಸಕ್ಕೆ ಸಿಕ್ಕಿದ್ದು ಒಂದೇ ಮನೆತನದ ಜೀನುಗಳು.

"ಗಿಡ ಹೊಸದೇನೂ ತರಲ್ಲ. ನಮ್ಮಜ್ಜಿ ಥರ. ಹಳೇ ಡಬ್ಬೀನೇ ತೊಳೆದು ಬೇರೆ ಕಾಳು ತುಂಬುತ್ತೆ. ಅದಕ್ಕೇ ನಂಗೆ ಇದನ್ನ ನೋಡಿ ಬೆಳಿಗ್ಗೆ ಬಾಯಿ ತಪ್ಪಿದ್ದು. ಒಂದು ಜೀನು ಬಾಯಿ ಮುಚ್ಚಿದ್ರೆ ಇಷ್ಟು ದೊಡ್ಡ ವ್ಯತ್ಯಾಸ ಆಗುತ್ತೆ ಅಂತ ಪುಸ್ತಕದಲ್ಲಿ ಓದೋದು ಬೇರೆ, ಕಣ್ಣಾರೆ ನೋಡೋದು ಬೇರೆ." ನಗು ಹೋಗಿ ಅವಳ ಹುಬ್ಬು ಗಂಟಾಯಿತು. "ಆದ್ರೆ ಇದು ಎಲ್ಲಿಂದ ಬಂತು ಅಂತ ನಾನು ಹೇಳ್ಬೇಕಲ್ಲ. ಒಂದು ಗಿಡದೊಳಗೆ ಈ ಜೀನಿನ ಎರಡು ಪ್ರತಿ ಇರ್ತವೆ. ಒಂದು ಕೆಟ್ಟು ಒಂದು ಸರಿಯಿದ್ರೆ ಹೂ ಸರಿಯಾಗೇ ಬರುತ್ತೆ. ಒಳಗಿರೋದು ಯಾರಿಗೂ ಕಾಣಲ್ಲ. ಅಂಥ ಗಿಡ ತನ್ನ ಪುಡಿಯಿಂದಲೇ ಬೀಜ ಕಟ್ಟಿದ್ರೆ ಮಕ್ಕಳಲ್ಲಿ ಕಾಲು ಭಾಗ ಹೀಗೆ. ಮಾವ ಆರಿಸಿದ ಗಿಡ ಅಂಥದ್ದು. ಅಷ್ಟು ನಿಜ. ಆದ್ರೆ ಆ ಗಿಡಕ್ಕೆ ಎಲ್ಲಿಂದ? ಹೊರಗಿನ ಯಾವುದೋ ಹೂವಿಂದ ದುಂಬಿ ತಂದಿತ್ತಾ?"

"ಕೊಳವೆ ಹತ್ರ ದುಂಬಿ ಹೋಗಲ್ವಲ್ಲ," ಅಂದೆ.

"ಏನಂದೆ?"

ನಾನು ಲೋಟವನ್ನು ಒಂದಿಷ್ಟು ಒಳಗೆ ಸರಿಸಿದೆ.

"ಕೊಳವೆ ಅಂದ್ಯಾ? ಇದಕ್ಕೆ ಹೆಸರಿದೆಯಾ ನಿಮ್ಮಲ್ಲಿ?"

ಕುಂಡ ತೊಳೆಯುವುದಿದೆ ಎಂದು ಎದ್ದೆ. ಅವಳು ನನ್ನ ಕೈ ಹಿಡಿಯಲಿಲ್ಲ, ಮತ್ತೆ ಕೇಳಲೂ ಇಲ್ಲ. ಬೆನ್ನ ಹಿಂದೆ, ತನಗೆ ತಾನೇ ಹೇಳಿಕೊಂಡ ಹಾಗೆ, "ಇವತ್ತು ಬೆಳಿಗ್ಗೆ ಹುಟ್ಟಿದ್ದಕ್ಕೆ ಮಧ್ಯಾಹ್ನಕ್ಕೆ ಹೆಸರು ಬರಲ್ಲ," ಅಂದಳು. ನಾನು ಹೋಗಿ ಕುಂಡಗಳನ್ನು ಉಜ್ಜತೊಡಗಿದೆ. ತೊಳೆದ ಕುಂಡವನ್ನೇ ಮತ್ತೆ ತೊಳೆಯುತ್ತಿದ್ದೆ.

ಸಂಜೆ ಊಟಕ್ಕೆ ಕೂತಾಗ ಅಜ್ಜಿ ಎಲ್ಲವನ್ನೂ ತೀರ್ಮಾನ ಮಾಡಿಯೇ ಬಂದಿದ್ದಳು. ಅಣ್ಣನ ಜೊತೆ ಮೊದಲೇ ಮಾತಾಗಿತ್ತು ಎಂದು ಅವನು ಯಾರ ಮುಖವನ್ನೂ ನೋಡದ್ದರಲ್ಲೇ ತಿಳಿಯುತ್ತಿತ್ತು.

"ಈ ವರ್ಷದ ಬೆಳೆ ಹೋಯ್ತು. ಹೋಗಲಿ. ನಮ್ಮ ಯಜಮಾನ್ರ ತಳಿಗೆ ಮಾತ್ರ ಮಸಿ ಹತ್ತಬಾರದು. ತಳಿ ಕೆಟ್ಟಿದೆ ಅಂದ್ರೆ ಕಂಪನಿಯೋರು ಇನ್ನು ಈ ಹೊಸ್ತಿಲು ತುಳಿಯಲ್ಲ. ಬೀಜ ಬೆರಕೆ ಆಯ್ತು ಅಂದ್ರೆ ಒಂದು ವರ್ಷ ಬೈದು ಮುಂದಿನ ವರ್ಷ ಬರ್ತಾರೆ. ಹಳೇ ಬೀಜ ಡಬ್ಬೀಲಿ ಇದೆ, ಅದನ್ನ ಬಿತ್ತೋಣ."

"ಬೆರಕೆ ಹೇಗಾಯ್ತು ಅಂತ ಕೇಳಿದ್ರೆ?" ಅಂದಳು ಅತ್ತಿಗೆ. ಅವಳಿಗೆ ಆಗಲೇ ಅರ್ಥವಾಗಿತ್ತು.

ಅಣ್ಣ ತಟ್ಟೆ ನೋಡುತ್ತಲೇ ಹೇಳಿದ: "ನೀನು ಲ್ಯಾಬಿಂದ ಸ್ವಲ್ಪ ಬೀಜ ತಂದಿದ್ದೆ, ಸಸಿ ಟ್ರೇ ಅದಲು ಬದಲಾಯ್ತು ಅನ್ನೋಣ. ಒಂದು ಮಾತು ತಾನೇ."

"ಲ್ಯಾಬಿಂದ ಒಂದು ಕಾಳು ಹೊರಗೆ ಬರೋಕೂ ಮೇಡಂ ಒಪ್ಪಿಗೆ ಬೇಕು. ನಾನು ಕದ್ದು ತಂದೆ ಅಂತಾಗುತ್ತೆ. ಕಂಪನಿಯಿಂದ ಅಲ್ಲಿಗೆ ಫೋನ್ ಹೋದ್ರೆ ನನ್ನನ್ನ ಗೇಟಿನ ಒಳಗೂ ಬಿಡಲ್ಲ. ಅಲ್ಲಷ್ಟೇ ಅಲ್ಲ. ಬೀಜ ಕಲಬೆರಕೆ ಮಾಡಿದವಳಿಗೆ ಯಾವ ಲ್ಯಾಬಲ್ಲೂ ಕೆಲಸ ಇಲ್ಲ."

"ಆಮೇಲೆ ನಾನೇ ಬಂದು ನಿಮ್ಮ ಮೇಡಂಗೆ ಹೇಳ್ತೀನಿ."

"ಏನಂತ? ನನ್ನ ಹೆಂಡತಿ ಕಳ್ಳಿ ಅಲ್ಲ, ನಾನೇ ಸುಳ್ಳ ಅಂತಾನಾ?"

ಅಣ್ಣ ಅನ್ನ ಕಲಸತೊಡಗಿದ. ಅವನು ಕೆಟ್ಟವನಲ್ಲ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುವ ಜೋಡಿಯ ನಡುವೆ ನೊಗ ಹೊತ್ತವನ ಸ್ಥಿತಿ ಅವನದು. ಆದರೂ ಆ ಹೊತ್ತಿನಲ್ಲಿ ನನಗೆ ಅವನ ಮೇಲೆ ಸಿಟ್ಟು ಬಂತು.

"ಮತ್ತೆ ಅಜ್ಜಿ, ಡಬ್ಬೀಲಿರೋ ಹಳೇ ಬೀಜದಲ್ಲೂ ಇದು ಇದೆ," ಅಂದಳು ಅತ್ತಿಗೆ. ದನಿ ಮೆತ್ತಗಿತ್ತು. "ಇದು ಹೊಸದಲ್ಲ. ನಾನು ತಂದಿದ್ದೂ ಅಲ್ಲ. ಎಲ್ಲ ಬೀಜ ಕಲಸ್ತಿದ್ದಾಗ ಚದುರಿಹೋಗಿರ್ತಿತ್ತು, ಈಗ ಒಂದೇ ಕಡೆ ಸೇರಿತು. ಒಂದೇ ಗಿಡ ಆರಿಸಿ ಅಂದಿದ್ದು ನಾನು, ಅದರ ತಪ್ಪು ನನ್ನದೇ, ಅಷ್ಟು ಒಪ್ಕೋತೀನಿ."

"ಹುಟ್ಟುಗುಣ ಸುಟ್ರೂ ಹೋಗಲ್ಲ ಅಂತಾರೆ. ನಮ್ಮ ಯಜಮಾನ್ರ ಹೂವಿಗೆ ಇಂಥ ಹುಟ್ಟುಗುಣ ಇತ್ತು ಅಂತೀಯಾ?" ಅಜ್ಜಿಯ ಕೈಯಲ್ಲಿದ್ದ ಸೌಟು ಪಾತ್ರೆಯ ಅಂಚಿಗೆ ತಾಗಿ ಟಕಟಕ ಅನ್ನುತ್ತಿತ್ತು. "ನಲವತ್ತು ವರ್ಷ ನೋಡಿದೀನಿ ಆ ಸಾಲುಗಳನ್ನ. ಒಂದು ದಿನ, ಒಂದೇ ಒಂದು ದಿನ ಇಂಥದ್ದನ್ನ ಕಂಡಿಲ್ಲ."

ಅವಳು ಸುಳ್ಳು ಹೇಳುತ್ತಿರಲಿಲ್ಲ. ಅವಳು ಏಳುವ ಮೊದಲೇ ಮಣ್ಣು ಸೇರಿದ್ದನ್ನು ಅವಳು ಹೇಗೆ ಕಂಡಾಳು?

ಅತ್ತಿಗೆ ಅಪ್ಪನ ಕಡೆ ತಿರುಗಿದಳು. "ಮಾವ, ಮೊದಲು ಯಾವತ್ತಾದ್ರೂ ಬಂದಿತ್ತಾ?"

ಅಪ್ಪ ಕೈ ತೊಳೆಯಲು ಎದ್ದ. "ಬಲೆ ಒಂದು ಕಡೆ ಹರಿದಿದೆ, ಹೊಲೀಬೇಕು," ಅಂದ. ತಟ್ಟೆಯಲ್ಲಿ ಊಟ ಹಾಗೇ ಇತ್ತು.

ಮಾರನೇ ದಿನ ಎಲ್ಲರೂ ಮುಳ್ಳಿನ ಮೇಲೆ ನಡೆಯುವವರಂತೆ ನಡೆದೆವು. ಅತ್ತಿಗೆಯ ಕಣ್ಣು ಊದಿದ್ದವು. ಅವಳು ನನ್ನ ಪಕ್ಕದಲ್ಲೇ ಕೂತು ಹೂಗಳಿಗೆ ಕುಂಚ ಆಡಿಸಿದಳು, ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ ಇಲ್ಲ ಎಂದು ತಲೆಯಾಡಿಸಿ ಪಾರಾಗಬಹುದಿತ್ತು. ಕೇಳದೇ ಇದ್ದದ್ದೇ ಕಷ್ಟವಾಯಿತು. ಮುಖ ತೊಳೆಯುವಾಗ, ನೀರು ಸೇದುವಾಗ, ಯಾವಾಗಲೂ ಅದೇ ತಲೆಯಲ್ಲಿ ಸುತ್ತುತ್ತಿತ್ತು. ನಾನೇ ಹೇಳಿಬಿಟ್ಟರೆ? ನನ್ನ ಮಾತನ್ನು ಯಾರು ಕೇಳುತ್ತಾರೆ? ಕೇಳಿದರೆ, ಆಮೇಲೆ ಅಪ್ಪನ ಮುಖ ಹೇಗೆ ನೋಡುವುದು?

ಗೊಬ್ಬರದ ಗುಂಡಿಯ ಹಿಂದೆ ಅಪ್ಪ ಬುಟ್ಟಿಗಳನ್ನು ಖಾಲಿ ಮಾಡುತ್ತಿದ್ದ. ನಾನು ಹೋಗಿ ನಿಂತೆ. ಅವನು ಗುದ್ದಲಿ ನಿಲ್ಲಿಸಲಿಲ್ಲ.

"ಅಪ್ಪ."

"ಗೊತ್ತು ನೀನು ಏನು ಹೇಳ್ತೀಯ ಅಂತ." ಮಣ್ಣು ಎಳೆದ. "ನಮ್ಮಮ್ಮ ತಡ್ಕೊಳ್ಳಲ್ಲ, ಪುಟ್ಟಿ. ಅವಳಿಗೆ ಉಳಿದಿರೋದು ಇದೊಂದೇ. ನಿಮ್ಮ ತಾತ ಅವಳಿಗೆ ಏನೂ ಮುಚ್ಚಿಡ್ಲಿಲ್ಲ ಅಂತ ನಂಬ್ಕೊಂಡಿದ್ದಾಳೆ. ಇಷ್ಟು ವರ್ಷ ಗಂಡನೂ ಮಗನೂ ಸೇರಿ ಕಣ್ಣಿಗೆ ಮಣ್ಣೆರಚಿದ್ರು ಅಂತ ಈಗ ಹೇಳ್ಲಾ?"

"ಅತ್ತಿಗೆ ಏನಾಗ್ಬೇಕು?"

"ಅವಳು ಓದಿದವಳು. ಎಲ್ಲೋ ಒಂದು ದಾರಿ ಆಗುತ್ತೆ."

"ಓದಿದ್ದನ್ನೇ ಅಲ್ವಾ ಅಪ್ಪ ಕಿತ್ಕೊಳ್ತಿರೋದು?"

ಅಷ್ಟು ನೇರ ಮಾತು ನನ್ನ ಬಾಯಿಂದ ಬಂದದ್ದಕ್ಕೆ ಅವನೂ ನಾನೂ ಒಟ್ಟಿಗೇ ಬೆಚ್ಚಿದೆವು. ಅವನು ಗುದ್ದಲಿಯ ಹಿಡಿಯ ಮೇಲೆ ಗಲ್ಲ ಊರಿ ನಿಂತ. ಮುದುಕನಂತೆ ಕಂಡ. "ಒಳಗೆ ಹೋಗು," ಅಂದ. ಬೈಗುಳದ ದನಿಯಲ್ಲ. ಬೇಡಿಕೊಳ್ಳುವ ದನಿ.

ತಪಾಸಣೆಯವರು ಹೇಳಿದ ದಿನವೇ ಬಂದರು. ದಪ್ಪ ಮನುಷ್ಯ, ಬಿಸಿಲಿಗೆ ಅಗಲ ಅಂಚಿನ ಟೋಪಿ, ಕೈಯಲ್ಲಿ ಕೆಂಪು ಬಾವುಟ ಕಟ್ಟಿದ ಸಣ್ಣ ಕಡ್ಡಿಗಳ ಕಟ್ಟು. ತಪ್ಪು ಕಂಡ ಗಿಡದ ಪಕ್ಕ ಒಂದೊಂದು ಕಡ್ಡಿ ಚುಚ್ಚುವುದು ಅವರ ಪದ್ಧತಿ. ಬಾಗಿಲಲ್ಲಿ ಬೂಟನ್ನು ಔಷಧಿ ನೀರಲ್ಲಿ ಅದ್ದಿ, "ಏನಜ್ಜಿ, ನಿಮ್ಮ ಯಜಮಾನ್ರು ಹೇಗಿದ್ದಾರೆ?" ಎಂದು ಪ್ರತಿ ವರ್ಷದ ತಮಾಷೆ ಮಾಡಿದರು. ಹೂವನ್ನು ಅಜ್ಜಿಯ ಯಜಮಾನರು ಅನ್ನುವುದು ಅವರ ರೂಢಿ. ಅಜ್ಜಿ ನಗಲಿಲ್ಲ.

ಮೊದಲ ಸಾಲಿನಲ್ಲೇ ಅವರ ನಡಿಗೆ ನಿಧಾನವಾಯಿತು. ಒಂದು ಕಡ್ಡಿ ಚುಚ್ಚಿದರು. ಮುಂದೆ ಇನ್ನೊಂದು. ಆಮೇಲೆ ಕೈಯಲ್ಲಿ ಉಳಿದ ಕಟ್ಟನ್ನು ನೋಡಿ, ಸಾಲನ್ನು ನೋಡಿ, ಕಟ್ಟನ್ನು ಕಂಕುಳಲ್ಲಿ ಇರುಕಿಕೊಂಡರು.

"ಏನ್ರೀ ಇದು, ಬ್ಯಾಂಡ್‌ಸೆಟ್ಟಿನ ತುತ್ತೂರಿ ಬಿತ್ತಿದ್ದೀರಾ?"

ಅಣ್ಣ ಗಂಟಲು ಸರಿಮಾಡಿಕೊಂಡ. ಬಾಯಿಪಾಠ ಒಪ್ಪಿಸುವವನಂತೆ, ಲ್ಯಾಬು, ಸ್ವಲ್ಪ ಬೀಜ, ಟ್ರೇ, ಅದಲು ಬದಲು, ಎಲ್ಲವನ್ನೂ ಹೇಳಿದ. 'ನನ್ನ ಹೆಂಡತಿ' ಅನ್ನುವಲ್ಲಿ ಮಾತ್ರ ದನಿ ಒಡೆಯಿತು.

"ನಾನು ಯಾವ ಬೀಜಾನೂ ತಂದಿಲ್ಲ," ಅಂದಳು ಅತ್ತಿಗೆ.

ತಪಾಸಣೆಯವರು ಇಬ್ಬರನ್ನೂ ನೋಡಿದರು. ಗಂಡ ಹೆಂಡಿರ ನಡುವೆ ಸಿಕ್ಕಿಕೊಂಡವರ ಮುಜುಗರದಿಂದ ಟೋಪಿ ತೆಗೆದು ತಲೆ ಒರೆಸಿಕೊಂಡರು. "ನೋಡಮ್ಮ, ನಾನು ಜಗಳ ಬಿಡಿಸೋಕೆ ಬಂದಿಲ್ಲ. ಹೊರಗಿನ ಬೀಜ ಬೆರೆತಿದೆ ಅಂತ ಬೆಳೆಗಾರರು ಹೇಳಿದ್ರೆ ಎಲ್ಲಿಂದ ಬಂತೋ ಅಲ್ಲಿಗೆ ನಾನು ಈಗ್ಲೇ ತಿಳಿಸ್ಬೇಕು. ಅದು ನಮ್ಮ ನಿಯಮ. ಅಲ್ಲ, ಇದು ತಳಿಯೊಳಗೇ ಇದ್ದದ್ದು ಅಂದ್ರೆ ಬೇರೆ ಮಾತು. ಆಗ ನಿಮ್ಮ ಲ್ಯಾಬಿಗೂ ಇದಕ್ಕೂ ಸಂಬಂಧ ಇಲ್ಲ."

"ತಳಿಯೊಳಗೇ ಇದ್ದದ್ದು," ಅಂದಳು ಅತ್ತಿಗೆ.

"ನೀವು ಬಂದು ಒಂದು ವರ್ಷ ಆಯ್ತಾ? ನಿಮಗೆ ಹೇಗೆ ಗೊತ್ತು?"

ಅವಳು ಬಾಯಿ ತೆರೆದಳು. ಕೊಳವೆ ಎಂಬ ಹೆಸರು ಅವಳ ನಾಲಿಗೆಯ ತುದಿಯಲ್ಲಿತ್ತು, ನನಗೆ ಗೊತ್ತಿತ್ತು. ಅದನ್ನು ಯಾರು ಹೇಳಿದರು ಎಂದು ಮುಂದಿನ ಪ್ರಶ್ನೆ ಬರುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಅವಳು ನನ್ನ ಕಡೆ ನೋಡಲಿಲ್ಲ. ನೋಡಬಾರದೆಂದು ಕತ್ತನ್ನು ಬಿಗಿಹಿಡಿದು ನಿಂತಿದ್ದಳು.

"ಗೊತ್ತು," ಅಂದಳು. ಅಷ್ಟೇ.

ತಪಾಸಣೆಯವರು ಅಪ್ಪನ ಹತ್ತಿರ ಹೋದರು. ಅವರ ದನಿಯಲ್ಲಿ ಮರ್ಯಾದೆಯಿತ್ತು. ಎಷ್ಟೋ ವರ್ಷದ ಪರಿಚಯ. "ಯಜಮಾನ್ರೇ, ನೀವು ಹೇಳಿದ್ದನ್ನ ನಾನು ಬರ್ಕೋತೀನಿ. ಇದು ನಿಮ್ಮ ಸಾಲಲ್ಲಿ ಮೊದಲು ಯಾವತ್ತಾದ್ರೂ ಬಂದಿತ್ತಾ?"

ಅಜ್ಜಿ ಬಾಗಿಲ ಕಂಬ ಹಿಡಿದುಕೊಂಡು ಮಗನನ್ನು ನೋಡುತ್ತಿದ್ದಳು. ಅಪ್ಪ ಅವಳನ್ನೇ ನೋಡಿದ. ಬಲೆಯ ಮೇಲೆ ಗಾಳಿ ಸಣ್ಣಗೆ ಆಡಿತು.

"ಇಲ್ಲ," ಅಂದ ಅಪ್ಪ.

ಅಜ್ಜಿ ಉಸಿರು ಬಿಟ್ಟಳು. ಅಣ್ಣ ಕಣ್ಣು ಮುಚ್ಚಿಕೊಂಡ. ತಪಾಸಣೆಯವರು ತಲೆಯಾಡಿಸಿ ಜೇಬಿನಿಂದ ಫೋನ್ ತೆಗೆದು, "ಲ್ಯಾಬಿನ ನಂಬರ್ ಹೇಳಮ್ಮ," ಅಂದರು. ಅತ್ತಿಗೆ ಹೇಳಿದಳು. ಒಂದೊಂದೇ ಅಂಕಿಯನ್ನು ತಪ್ಪಿಲ್ಲದೆ, ನಿಲ್ಲಿಸಿ ನಿಲ್ಲಿಸಿ, ಅವರು ಒತ್ತಿಕೊಳ್ಳುವಷ್ಟು ಸಮಯ ಕೊಟ್ಟು ಹೇಳಿದಳು.

ನನ್ನ ಕಿವಿಯಲ್ಲಿ ಗುಂಯ್ ಎಂಬ ಸದ್ದು ತುಂಬಿತು. ಶಾಲೆಯಲ್ಲಿ ಎದ್ದು ನಿಂತಾಗ ಹೀಗೇ ಆಗುತ್ತಿತ್ತು. ಎಲ್ಲರೂ ಕಾಯುತ್ತಿದ್ದರು, ಆಮೇಲೆ ನಾನು ಕೂತುಬಿಡುತ್ತಿದ್ದೆ. ಇಲ್ಲಿ ಯಾರೂ ನನಗಾಗಿ ಕಾಯುತ್ತಿರಲಿಲ್ಲ. ನಾನು ಅಲ್ಲಿದ್ದೇನೆ ಎಂಬುದೂ ಯಾರ ಗಮನದಲ್ಲೂ ಇರಲಿಲ್ಲ. ಫೋನಿನಲ್ಲಿ ಆಚೆ ಕಡೆ ಗಂಟೆ ಹೊಡೆಯುವುದು ಸಣ್ಣಗೆ ಕೇಳಿಸಿತು.

ಎರಡು ಸಾಲುಗಳ ನಡುವಿನ ದಾರಿಗೆ ಇಳಿದು ಅಪ್ಪನ ಎದುರು ಹೋಗಿ ನಿಂತೆ.

"ಅಪ್ಪ," ಅಂದೆ. ದನಿ ನನ್ನದಲ್ಲ ಅನ್ನಿಸಿತು, ಆದರೂ ಎಲ್ಲರೂ ತಿರುಗಿ ನೋಡುವಷ್ಟು ಗಟ್ಟಿಯಾಗಿತ್ತು. "ಪ್ರತಿ ವರ್ಷ ಬೆಳಿಗ್ಗೆ ನಾವಿಬ್ರೂ ಏನು ಕೀಳ್ತಿದ್ವಿ ಅಂತ ಅವ್ರಿಗೆ ಹೇಳಪ್ಪ."